ಹೋದ ಲಿವರ್ ಹಿಂದೆ ಬಾರದಿದ್ದಾಗ

(ಪುಣೆಯ ಭೋಸರಿಯಲ್ಲಿ ಕನ್ನಡಿಗ ಆಪರೇಟರ್‌ಗಳು, ಮೆಕ್ಯಾನಿಕ್‌ಗಳು ಮತ್ತು ಸಣ್ಣ ಗುತ್ತಿಗೆದಾರರು ಸೇರಿದ್ದ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಕುಳಿತವರಲ್ಲಿ ಬಹಳಷ್ಟು ಮಂದಿ ವಿಜಯಪುರ, ಕಲಬುರಗಿ, ಯಾದಗಿರಿಯ ಕಡೆಯಿಂದ ಕೆಲಸ ಹುಡುಕಿಕೊಂಡು ಪುಣೆಗೆ ಬಂದವರಾದ್ದರಿಂದ ನನ್ನ ಮಾತನ್ನು ಎತ್ತಿನ ಬಂಡಿಯಿಂದ ಆರಂಭಿಸಲು ನನಗೆ ಸಂಕೋಚವಿಲ್ಲ. ಇಕ್ಕಟ್ಟಾದ ಓಣಿಯಲ್ಲಿ ಬಂಡಿಯನ್ನು ಹೊರಳಿಸಬೇಕಾದಾಗ ಹೊಡೆಯುವವನು ಒಳಬದಿಯ ಎತ್ತಿನ ಹಗ್ಗವನ್ನು ಜಗ್ಗಿ ಅದನ್ನು ನಿಂತಲ್ಲೇ ತಡೆಯುತ್ತಾನೆ, ಹೊರಬದಿಯ ಎತ್ತನ್ನು ಮುಂದಕ್ಕೆ ಹೊಡೆಯುತ್ತಾನೆ. ಅಚ್ಚು ಬಂಡಿಗೆ ಬಿಗಿದೇ ಇರುತ್ತದೆ, ಗಾಲಿಗಳು ಕಾರಿನ ಮುಂದಿನ ಗಾಲಿಗಳ ಹಾಗೆ ಎಡಕ್ಕೋ ಬಲಕ್ಕೋ ಮುಖ ತಿರುಗಿಸುವುದಿಲ್ಲ; ಆದರೂ ಬಂಡಿ ಹೊರಳುತ್ತದೆ, ಏಕೆಂದರೆ ಎರಡು ಬದಿಗಳ ವೇಗ ಬೇರೆಬೇರೆಯಾಗಿದೆ. ಸ್ಕಿಡ್ ಸ್ಟಿಯರ್ ಎಂದರೆ ಇದೇ ಉಪಾಯವನ್ನು ಎಂಜಿನ್ನಿಗೆ ಕಲಿಸಿದ ಯಂತ್ರ, ಮುಂದೆ ಬಕೆಟ್ ಇರುವ ಪುಟ್ಟ ಲೋಡರ್. ಎಡಗಡೆಯ ಎರಡು ಗಾಲಿಗಳು ಒಂದು ಎತ್ತು, ಬಲಗಡೆಯ ಎರಡು ಇನ್ನೊಂದು ಎತ್ತು, ಆಪರೇಟರನ ಎರಡು ಕೈಗಳಲ್ಲಿರುವ ಎರಡು ಲಿವರ್‌ಗಳೇ ಹಗ್ಗಗಳು.

ಪುಣೆಯ ಸೈಟುಗಳಲ್ಲಿ ಯಾವ ಕಂಪನಿಯ ಯಂತ್ರವಾದರೂ ಅದಕ್ಕೆ ಬಾಬ್‌ಕ್ಯಾಟ್ ಎಂದೇ ಹೆಸರು. ಹಾಗೆ ಕರೆಯುವುದಕ್ಕೆ ಒಂದು ಕಾರಣವೂ ಇದೆ. ಅಮೆರಿಕದ ಮಿನ್ನೆಸೋಟಾ ರಾಜ್ಯದ ರಾತ್‌ಸೇ ಎಂಬ ಸಣ್ಣ ಊರಿನಲ್ಲಿ ಕಬ್ಬಿಣದ ಕೆಲಸ ಮಾಡುತ್ತಿದ್ದ ಕೆಲ್ಲರ್ ಸಹೋದರರು 1957ರಲ್ಲಿ ಟರ್ಕಿ ಕೋಳಿ ಸಾಕುವ ರೈತನೊಬ್ಬನಿಗಾಗಿ ಒಂದು ಪುಟ್ಟ ಲೋಡರ್ ಮಾಡಿಕೊಟ್ಟರು. ಕೊಟ್ಟಿಗೆಯ ಕಂಬಗಳ ನಡುವೆ ನಿಂತಲ್ಲೇ ತಿರುಗಬೇಕು, ಮೇಲಿನ ಮಾಳಿಗೆಯ ಮೇಲೂ ಓಡಾಡುವಷ್ಟು ಹಗುರವಾಗಿರಬೇಕು ಎಂಬುದು ಆ ರೈತನ ಬೇಡಿಕೆಯಾಗಿತ್ತು. ಆ ಮೊದಲ ಯಂತ್ರಕ್ಕೆ ಮೂರೇ ಗಾಲಿಗಳಿದ್ದವು. ಅದನ್ನು ಕೈಗೆತ್ತಿಕೊಂಡ ಮೆಲ್ರೋ ಕಂಪನಿ 1960ರಲ್ಲಿ ನಾಲ್ಕು ಗಾಲಿಯ ಮಾದರಿಯನ್ನು ಹೊರತಂದಿತು, ಬಾಬ್‌ಕ್ಯಾಟ್ ಎಂಬ ಹೆಸರು 1962ರಲ್ಲಿ ಬಂದಿತು. ಕೋಳಿ ಗೊಬ್ಬರ ಬಳಿಯಲು ಹುಟ್ಟಿದ ಈ ಯಂತ್ರ ಇಂದು ಹಿಂಜವಡಿಯ ಕಟ್ಟಡಗಳ ತಳಮಹಡಿಯಲ್ಲಿ ಮುರುಮ, ಅಂದರೆ ಗರಸು ಮಣ್ಣು, ತುಂಬುತ್ತದೆ, ಮುಂಬಯಿಯಲ್ಲಿ ಮಳೆಗಾಲಕ್ಕೆ ಮುನ್ನ ನಾಲಾಗಳ ಹೂಳು ಎತ್ತುತ್ತದೆ.

ನಾನು ಇಂದು ಮಾತಾಡಬೇಕಾಗಿರುವುದು ಈ ಯಂತ್ರದ ಒಂದೇ ಒಂದು ಕಾಯಿಲೆಯ ಬಗ್ಗೆ: ಲಿವರ್ ಬಿಗಿಯಾಗುವುದು, ನಡುವೆ ಹಿಡಿದುಕೊಳ್ಳುವುದು, ಕೈ ಬಿಟ್ಟರೂ ಮಧ್ಯಕ್ಕೆ ಮರಳದಿರುವುದು. ಕಾರಿನಲ್ಲಿ ಸ್ಟಿಯರಿಂಗ್ ಸ್ವಲ್ಪ ಬಿಗಿಯಾದರೆ ತೋಳು ನೋಯುತ್ತದೆ, ಅಷ್ಟೇ. ಬ್ರೇಕು ಬೇರೆ ಇದೆ, ಆಕ್ಸಿಲರೇಟರ್ ಬೇರೆ ಇದೆ. ಸ್ಕಿಡ್ ಸ್ಟಿಯರಿನಲ್ಲಿ ಹಾಗಲ್ಲ. ಅಲ್ಲಿ ದಿಕ್ಕು, ವೇಗ, ನಿಲುಗಡೆ ಮೂರೂ ಒಂದೇ ಲಿವರಿನಲ್ಲಿವೆ. ಲಿವರನ್ನು ಮಧ್ಯಕ್ಕೆ ತಂದರೆ ಯಂತ್ರ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆಯೇ ಆಪರೇಟರ್ ಗೋಡೆಯಿಂದ ಒಂದು ಮೊಳ ದೂರದವರೆಗೆ ಬಕೆಟ್ ಒಯ್ಯುತ್ತಾನೆ. ಒಂದು ಲಿವರ್ ಮರಳಿ, ಇನ್ನೊಂದು ಮರಳದಿದ್ದರೆ ಯಂತ್ರ ನಿಲ್ಲುವುದಿಲ್ಲ, ಮುಂದೆಯೂ ಹೋಗುವುದಿಲ್ಲ. ಗಿರ್ರನೆ ಒಂದು ಬದಿಗೆ ತಿರುಗುತ್ತದೆ. ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿರುವ ಹೆಂಗಸು ಹಿಂದೆ ಸರಿಯುವಷ್ಟು ಸಮಯವೂ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಶ್ರಾವಣದ ಮಳೆಯಲ್ಲಿ ಯಾದಗಿರಿ ಕಡೆಯ ಹುಡುಗನೊಬ್ಬ ನನಗೆ ಫೋನ್ ಮಾಡಿದ. "ಕಾಕಾ, ಎಡಗೈ ಲಿವರ್ ಹೋಗ್ತದ, ಬರಾಂಗಿಲ್ಲ" ಎಂದ. ಕಾಯಿಲೆಯ ವರ್ಣನೆಯನ್ನು ಇದಕ್ಕಿಂತ ಸರಿಯಾಗಿ ಯಾವ ಇಂಜಿನಿಯರೂ ಹೇಳಲಾರ. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಮಾಲೀಕರು ಯಾರದೋ ಸಲಹೆ ಕೇಳಿ, ಲಕ್ಷದ ಲೆಕ್ಕದ ಪಂಪನ್ನು ತರಿಸಿ, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿಯೂ ಆಗಿತ್ತು. ಲಿವರ್ ಮಾತ್ರ ಹಾಗೆಯೇ ಇತ್ತು. ಆಪರೇಟರನ ಕಾಲಡಿಯ ತಗಡನ್ನು ತೆಗೆದು ನೋಡಿದರೆ, ಲಿವರಿನ ಬುಡದ ಕೀಲಿನ ಸುತ್ತ ಕಾಂಕ್ರೀಟಿನ ಹಾಲು ಇಳಿದು, ಗಟ್ಟಿಕಟ್ಟಿ, ಕಲ್ಲಾಗಿತ್ತು. ಹಳೆಯ ಪಂಪಿನಲ್ಲಿ ಯಾವ ದೋಷವೂ ಇರಲಿಲ್ಲ. ಅಂದಿನಿಂದ ನಾನು ಯಾರಿಗಾದರೂ ಹೇಳುವುದು ಒಂದೇ ಮಾತು: ಅಂಟಿಕೊಂಡ ಲಿವರಿಗೆ ಎಣ್ಣೆ ಹಾಕುವ ಮುನ್ನ, ಬಿಡಿಭಾಗಕ್ಕೆ ದುಡ್ಡು ಕೊಡುವ ಮುನ್ನ, ನಡುವಿನ ಕೊಂಡಿಯನ್ನು ಬಿಡಿಸಿ ನೋಡಿ.

ಕೊಂಡಿ ಬಿಡಿಸುವುದು ಎಂದರೇನು ಎಂಬುದು ತಿಳಿಯಬೇಕಾದರೆ ಕೈಯಿಂದ ಗಾಲಿಯವರೆಗಿನ ದಾರಿಯನ್ನು ಒಮ್ಮೆ ನಡೆದು ಬರಬೇಕು. ಲಿವರಿನ ಬುಡದಲ್ಲಿ ಒಂದು ಕೀಲು ಇದೆ. ಬಹಳ ಯಂತ್ರಗಳಲ್ಲಿ ಎರಡು ಲಿವರ್‌ಗಳ ಕೀಲುಗಳೂ ಒಂದೇ ಅಡ್ಡ ಶಾಫ್ಟಿನ ಮೇಲೆ ಕುಳಿತಿರುತ್ತವೆ. ಅಲ್ಲಿಂದ ಒಂದು ರಾಡ್ ಸೀಟಿನ ಕೆಳಗೆ ಹಾದು ಹಿಂದಕ್ಕೆ ಹೋಗುತ್ತದೆ, ಅದರ ಎರಡು ತುದಿಗಳಲ್ಲಿ ಬಾಲ್ ಜಾಯಿಂಟುಗಳಿರುತ್ತವೆ. ರಾಡ್ ಹೋಗಿ ಸೇರುವುದು ಪಂಪಿನ ಪಕ್ಕದಿಂದ ಹೊರಚಾಚಿರುವ ಒಂದು ಗಿಡ್ಡ ತೋಳಿಗೆ. ಆ ತೋಳನ್ನು ತಿರುಗಿಸಿದರೆ ಪಂಪಿನೊಳಗಿನ ಓರೆತಟ್ಟೆ, ಅಂದರೆ ಸ್ವಾಶ್‌ಪ್ಲೇಟ್, ವಾಲುತ್ತದೆ. ತಟ್ಟೆ ನೆಟ್ಟಗಿದ್ದರೆ ಎಂಜಿನ್ ಎಷ್ಟೇ ಜೋರಾಗಿ ತಿರುಗಿದರೂ ಎಣ್ಣೆ ಹರಿಯುವುದಿಲ್ಲ. ಒಂದು ಕಡೆ ವಾಲಿದರೆ ಎಣ್ಣೆ ಮುಂದಕ್ಕೆ, ಇನ್ನೊಂದು ಕಡೆ ವಾಲಿದರೆ ಹಿಂದಕ್ಕೆ ಹರಿಯುತ್ತದೆ. ಹೆಚ್ಚು ವಾಲಿದಷ್ಟೂ ಹೆಚ್ಚು ವೇಗ. ಆ ಎಣ್ಣೆ ಹೈಡ್ರಾಲಿಕ್ ಮೋಟಾರನ್ನು, ಮೋಟಾರು ಚೈನನ್ನು, ಚೈನು ಆ ಬದಿಯ ಎರಡೂ ಗಾಲಿಗಳನ್ನು ತಿರುಗಿಸುತ್ತದೆ. ಈ ದಾರಿಯಲ್ಲಿ ಎಲ್ಲಿಯೋ ಒಂದು ಕಡೆ ಮಧ್ಯಕ್ಕೆ ಎಳೆಯುವ ಸ್ಪ್ರಿಂಗ್ ಇದೆ, ಕೆಲವು ಮಾದರಿಗಳಲ್ಲಿ ಲಿವರ್ ಅದುರದಂತೆ ಹಿಡಿಯುವ ಡ್ಯಾಂಪರ್ ಕೂಡ ಇದೆ.

ಇಷ್ಟು ಭಾಗಗಳಲ್ಲಿ ಯಾವುದು ಹಿಡಿದುಕೊಂಡರೂ ಕೈಗೆ ತಿಳಿಯುವುದು ಒಂದೇ ರೀತಿ. ಇದೇ ಈ ಕಾಯಿಲೆಯ ಮೋಸ.

ಕೆಲಸಕ್ಕೆ ಇಳಿಯುವ ಮುನ್ನ ಜೀವದ ಮಾತು. ಮೇಲೆತ್ತಿದ ಬೂಮಿನ, ಅಂದರೆ ಬಕೆಟ್ ಹೊತ್ತ ತೋಳಿನ, ಕೆಳಗೆ ಲಾಕ್ ಹಾಕದೆ ಯಾರೂ ತಲೆ ಹಾಕಬಾರದು. ಹೈಡ್ರಾಲಿಕ್ ಎಣ್ಣೆಯ ಮೇಲೆ ಭಾರ ಹೊತ್ತು ನಿಂತಿರುವ ಬೂಮು ಒಂದು ಸೀಲ್ ಹರಿದರೆ ಕೆಳಗಿಳಿಯುತ್ತದೆ. ಕ್ಯಾಬಿನನ್ನು ಹಿಂದಕ್ಕೆ ವಾಲಿಸಿದರೆ ಅದರ ಲಾಕ್ ಕೂಡ ಬಿದ್ದಿರಬೇಕು. ಎಂಜಿನ್ ಚಾಲೂ ಇಟ್ಟು ಲಿವರ್ ಪರೀಕ್ಷಿಸಬೇಕಾದರೆ ನಾಲ್ಕೂ ಗಾಲಿಗಳು ನೆಲದಿಂದ ಮೇಲಿರಬೇಕು, ಅದೂ ಜ್ಯಾಕಿನ ಮೇಲಲ್ಲ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ. ಸೀಟಿನಲ್ಲಿ ಒಬ್ಬ ಕುಳಿತಿರಬೇಕು, ಅವನ ಕೈ ಎಂಜಿನ್ ನಿಲ್ಲಿಸುವ ಕೀಲಿಕೈಯ ಮೇಲಿರಬೇಕು. ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ಬೆರಳಿಟ್ಟು ನೋಡುವ ಚಟ ಕೆಲವು ಮಿಸ್ತ್ರಿಗಳಿಗೆ ಇದೆ. ಆ ಪೈಪುಗಳಲ್ಲಿ ಇನ್ನೂರು, ಮುನ್ನೂರು ಬಾರ್ ಒತ್ತಡವಿರುತ್ತದೆ. ಸೂಜಿಯಷ್ಟು ಸಣ್ಣ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಮಾಂಸದೊಳಗೆ ಹೋಗುತ್ತದೆ, ಬೆರಳನ್ನೇ ಕತ್ತರಿಸಬೇಕಾಗಿ ಬರಬಹುದು. ರಟ್ಟಿನ ತುಂಡು ಹಿಡಿದು ನೋಡಿ.

ಇನ್ನು ಪರೀಕ್ಷೆ. ಮೊದಲು ಎಂಜಿನ್ ನಿಲ್ಲಿಸಿ, ಲಿವರನ್ನು ಮುಂದೆ ಹಿಂದೆ ಆಡಿಸಿ ನೋಡಿ. ಎಂಜಿನ್ ನಿಂತಾಗಲೂ ಬಿಗಿ ಇದ್ದರೆ ದೋಷ ಕಬ್ಬಿಣದಲ್ಲಿದೆ, ಅಂದರೆ ಕೀಲು, ರಾಡ್, ಸ್ಪ್ರಿಂಗ್ ಅಥವಾ ಪಂಪಿನ ತೋಳಿನಲ್ಲಿದೆ. ನಿಂತಾಗ ಹಗುರವಾಗಿದ್ದು, ಎಂಜಿನ್ ಚಾಲೂ ಆದಾಗ ಮಾತ್ರ ಬಿಗಿಯಾದರೆ ದೋಷ ಎಣ್ಣೆಯ ಕಡೆಗಿದೆ ಎಂದು ಅನುಮಾನಿಸಬಹುದು. ಬಕೆಟ್ ತುಂಬ ಮಣ್ಣು ಹೊತ್ತು ಏರು ಹತ್ತುವಾಗ ಲಿವರ್ ಸ್ವಲ್ಪ ಭಾರವಾಗುವುದು, ಕೈಯಿಂದಲೇ ನೇರವಾಗಿ ಓರೆತಟ್ಟೆ ತಿರುಗಿಸುವ ಪಂಪುಗಳಲ್ಲಿ, ಸಹಜ. ಅದನ್ನು ಕಾಯಿಲೆ ಎನ್ನಬಾರದು. ಹಾಗೆಯೇ ಆಪರೇಟರನ ಮಡಿಲ ಮುಂದಿರುವ ಸೀಟಿನ ಬಾರ್ ಎತ್ತಿದಾಗ ಬೂಮು, ಬಕೆಟ್ ಆಡಿಸುವ ಪೆಡಲುಗಳು ಲಾಕ್ ಆಗುವುದು ಯಂತ್ರದ ಗುಣವೇ ಹೊರತು ದೋಷವಲ್ಲ. ಲಾಕ್ ಆದ ಪೆಡಲನ್ನು ಒದ್ದು ಒದ್ದು ಮುರಿದವರನ್ನು ನಾನು ಕಂಡಿದ್ದೇನೆ.

ಎರಡನೆಯ ಪ್ರಶ್ನೆ: ಒಂದೇ ಲಿವರ್ ಹಿಡಿಯುತ್ತದೆಯೋ, ಎರಡೂ ಹಿಡಿಯುತ್ತವೆಯೋ? ಈ ಯಂತ್ರದ ದೊಡ್ಡ ಅನುಕೂಲವೇನೆಂದರೆ ಇದರಲ್ಲಿ ಎಲ್ಲವೂ ಜೋಡಿ ಜೋಡಿ. ಎಡ ಬದಿ ಕೆಟ್ಟಿದ್ದರೆ ಚೆನ್ನಾಗಿರುವುದು ಹೇಗಿರಬೇಕು ಎಂಬುದನ್ನು ಬಲ ಬದಿಯೇ ಹೇಳುತ್ತದೆ, ಪುಸ್ತಕ ತೆರೆಯಬೇಕಾಗಿಲ್ಲ. ಹಳ್ಳಿಯ ಸಂತೆಯಲ್ಲಿ ಹತ್ತಿ ತೂಗುವಂಥ ಸ್ಪ್ರಿಂಗಿನ ತಕ್ಕಡಿಯೊಂದನ್ನು ಲಿವರಿನ ಹಿಡಿಕೆಗೆ ಸಿಕ್ಕಿಸಿ, ನಿಧಾನವಾಗಿ ಎಳೆದು, ಲಿವರ್ ಅಲುಗಾಡಲು ಆರಂಭಿಸಿದಾಗ ಮುಳ್ಳು ಎಷ್ಟು ತೋರಿಸುತ್ತದೆ ಎಂದು ಬರೆದುಕೊಳ್ಳಿ. ಅದೇ ಜಾಗದಲ್ಲಿ ಸಿಕ್ಕಿಸಿ ಇನ್ನೊಂದು ಲಿವರನ್ನೂ ಎಳೆಯಿರಿ. ಕೈಯ ಅಂದಾಜಿಗೆ "ಸ್ವಲ್ಪ ಬಿಗಿ" ಎನಿಸುವುದು ಮುಳ್ಳಿನ ಲೆಕ್ಕದಲ್ಲಿ ಎರಡು ಪಟ್ಟು ಇರುವುದುಂಟು. ರಿಪೇರಿಯಾದ ಮೇಲೆ ಇದೇ ಅಳತೆಯನ್ನು ಮತ್ತೆ ತೆಗೆದರೆ ಕೆಲಸ ಎಷ್ಟು ಸರಿಯಾಯಿತು ಎಂಬುದಕ್ಕೆ ಮಾಲೀಕರ ಮುಂದೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಎರಡೂ ಲಿವರ್‌ಗಳು ಬಿಗಿಯಾಗಿದ್ದರೆ, ಅಥವಾ ಒಂದನ್ನು ಎಳೆದಾಗ ಇನ್ನೊಂದು ತಾನೂ ಜೊತೆಗೆ ಹೊರಟರೆ, ಅಡ್ಡ ಶಾಫ್ಟಿನ ಮೇಲಿನ ಬುಷ್, ಅಂದರೆ ಕೀಲಿನೊಳಗಿನ ಕೊಳವೆಯಂಥ ತುಂಡು, ಹಿಡಿದಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಎರಡು ಪಂಪುಗಳು ಒಂದೇ ದಿನ ಒಂದೇ ರೀತಿ ಕೆಡುವುದು ಅಪರೂಪ. ಎರಡಕ್ಕೂ ಸಮಾನವಾಗಿರುವ ಜಾಗದಲ್ಲಿ ಹುಡುಕುವುದು ಬುದ್ಧಿವಂತಿಕೆ.

ಮೂರನೆಯದು ಕೊಂಡಿ ಬಿಡಿಸುವುದು. ರಾಡಿನ ಹಿಂತುದಿಯನ್ನು, ಅಂದರೆ ಪಂಪಿನ ತೋಳಿಗೆ ಸೇರುವ ತುದಿಯನ್ನು, ಬಿಚ್ಚಿ. ಬಿಚ್ಚುವ ಮುನ್ನ ರಾಡಿನ ಉದ್ದವನ್ನು ಅಳೆದುಕೊಳ್ಳಿ ಅಥವಾ ಚೂಪಾದ ಮೊಳೆಯಿಂದ ಗೀರು ಹಾಕಿಕೊಳ್ಳಿ. ಮರೆತರೆ ಮುಂದೆ ಅರ್ಧ ದಿನ ಹೋಗುತ್ತದೆ. ಈಗ ಲಿವರನ್ನು ಆಡಿಸಿ. ಇನ್ನೂ ಬಿಗಿ ಇದ್ದರೆ ದೋಷ ಮುಂದಿನ ಅರ್ಧದಲ್ಲಿದೆ, ಪಂಪಿನ ಕಡೆ ನೋಡುವುದೇ ಬೇಡ. ಲಿವರ್ ಹಗುರಾಗಿ ಆಡಿದರೆ, ಪಂಪಿನ ತೋಳನ್ನು ಕೈಯಿಂದ ತಿರುಗಿಸಿ ನೋಡಿ; ಮಧ್ಯಕ್ಕೆ ಎಳೆಯುವ ಸ್ಪ್ರಿಂಗ್ ಅಲ್ಲಿಯೇ ಇದ್ದರೆ ತೋಳು ಬಿಟ್ಟ ಕೂಡಲೇ ಟಕ್ಕೆಂದು ಮಧ್ಯಕ್ಕೆ ಬರಬೇಕು. ಐದು ನಿಮಿಷದ ಈ ಒಂದು ಕೆಲಸ ದಾರಿಯ ಅರ್ಧ ಭಾಗವನ್ನು ಅನುಮಾನದಿಂದ ಬಿಡುಗಡೆ ಮಾಡುತ್ತದೆ. ಉಳಿದ ಅರ್ಧದಲ್ಲಿ ಮತ್ತೊಂದು ಕೊಂಡಿ ಬಿಡಿಸಿದರೆ ಕಾಲು ಭಾಗ ಉಳಿಯುತ್ತದೆ. ನಾನು ಕಂಡಂತೆ ಹತ್ತರಲ್ಲಿ ಎಂಟು ಸಲ ದೋಷ ಮುಂದಿನ ಅರ್ಧದಲ್ಲೇ, ಅಂದರೆ ಆಪರೇಟರನ ಕಾಲಡಿಯಲ್ಲೇ ಇರುತ್ತದೆ.

ಏಕೆಂದರೆ ಕೆಸರು ಬೀಳುವುದು ಅಲ್ಲಿಗೇ. ಹೊಲದಿಂದ ಬಂದವನ ಕಾಲಿನ ಮಣ್ಣೆಲ್ಲ ಪಡಸಾಲೆಯಲ್ಲಿ ಉದುರುವ ಹಾಗೆ, ಬೂಟಿನ ಮಣ್ಣು ಕ್ಯಾಬಿನಿನ ನೆಲಕ್ಕೆ ಉದುರಿ, ಲಿವರ್ ಬುಡದ ರಬ್ಬರ್ ಮುಸುಕು ಹರಿದಿದ್ದರೆ ಅದರ ಸಂದಿಯಿಂದ ಕೆಳಗಿಳಿದು, ಕೀಲಿನ ಮೇಲೆ ಗುಡ್ಡೆಯಾಗುತ್ತದೆ. ಯಾವ ಮಣ್ಣು ಎಂಬುದೂ ಮುಖ್ಯ. ನಮ್ಮ ವಿಜಯಪುರದ ಎರೆಮಣ್ಣೇ ಪುಣೆಯ ಸುತ್ತಮುತ್ತಲೂ ಇದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಉಬ್ಬಿದಾಗ ಸಂದಿಗೆ ನುಗ್ಗುತ್ತದೆ, ಒಣಗಿದಾಗ ಕೀಲನ್ನು ಹಿಡಿಯುತ್ತದೆ. ಆದ್ದರಿಂದ ಎರೆಮಣ್ಣಿನ ಸೈಟಿನಲ್ಲಿ ಯಂತ್ರ ಸಂಜೆ ಚೆನ್ನಾಗಿದ್ದು, ಮರುದಿನ ಬೆಳಿಗ್ಗೆ ಲಿವರ್ ಬಿಗಿಯಾಗುತ್ತದೆ. ಕಾಂಕ್ರೀಟ್ ಕೆಲಸದ ಸೈಟಿನಲ್ಲಿ ಸಿಮೆಂಟಿನ ಹಾಲು ಇಳಿಯುತ್ತದೆ. ಅದು ಒಣಗುವುದಿಲ್ಲ, ಗಟ್ಟಿಕಟ್ಟುತ್ತದೆ, ಆಮೇಲೆ ನೀರು ಹಾಕಿದರೆ ಕರಗುವುದೂ ಇಲ್ಲ. ಮುಂಬಯಿಯ ನಾಲಾ ಹೂಳಿನಲ್ಲಿ ಪ್ಲಾಸ್ಟಿಕ್ ದಾರ, ಬಟ್ಟೆಯ ಚೂರುಗಳಿರುತ್ತವೆ, ಅವು ರಾಡಿನ ತುದಿಗೆ ಸುತ್ತಿಕೊಳ್ಳುತ್ತವೆ. ಗೋವೆಯಲ್ಲಿ ಕಡಲ ಗಾಳಿಯ ಉಪ್ಪು, ಜಂಬಿಟ್ಟಿಗೆಯ ಕೆಂಪು ಧೂಳು. ಅಲ್ಲಿ ಇನ್ನೊಂದು ಪಾಠವೂ ಸಿಕ್ಕಿತು. 2012ರಲ್ಲಿ ಗಣಿಗಾರಿಕೆ ನಿಂತು ಯಂತ್ರಗಳು ಕೆಲಸವಿಲ್ಲದೆ ಸಾಲಾಗಿ ನಿಂತಾಗ, ದುಡಿದು ಸವೆದ ಯಂತ್ರಗಳಿಗಿಂತ ನಿಂತ ಯಂತ್ರಗಳ ಕೀಲುಗಳೇ ಬೇಗ ತುಕ್ಕು ಹಿಡಿದು ಕೂತವು. ಮಳೆಗಾಲದಲ್ಲಿ ಯಂತ್ರಕ್ಕೆ ಕೆಲಸವಿಲ್ಲದಿದ್ದರೂ ವಾರಕ್ಕೊಮ್ಮೆ ಲಿವರ್ ಆಡಿಸಬೇಕು ಎಂದು ನಾನು ಹೇಳುವುದು ಅದಕ್ಕಾಗಿ.

ಕೆಸರು ತೆಗೆಯಲು ಎಲ್ಲರೂ ಮಾಡುವುದು ಪ್ರೆಶರ್ ಪಂಪಿನಿಂದ ನೀರು ಹೊಡೆಯುವುದು. ಕ್ಯಾಬಿನಿನ ಹೊರಗೆ ಹೊಡೆಯಿರಿ, ಬಕೆಟಿಗೆ ಹೊಡೆಯಿರಿ. ಕೀಲಿನ ಮೇಲೆ, ಪಂಪಿನ ತೋಳಿನ ಮೇಲೆ ನೇರವಾಗಿ ಹೊಡೆಯಬೇಡಿ. ಸೀಲಿನ ತುಟಿ ಒಳಗಿನ ಎಣ್ಣೆ ಹೊರಗೆ ಬಾರದಂತೆ ತಡೆಯಲು ಇರುವುದು, ಹೊರಗಿನಿಂದ ನುಗ್ಗುವ ನೀರಿಗೆ ಅದು ತಲೆಬಾಗುತ್ತದೆ. ಒಳಗೆ ಹೋದ ನೀರು ಅಲ್ಲಿನ ಸೂಜಿ ಬೇರಿಂಗನ್ನು ತಿನ್ನುತ್ತದೆ. ಕೀಲಿನ ಮಣ್ಣನ್ನು ಮರದ ಚಕ್ಕೆಯಿಂದ ಕೆರೆದು, ಬ್ರಷ್ಷಿನಿಂದ ಉಜ್ಜಿ, ಗಾಳಿ ಹೊಡೆದು ತೆಗೆಯುವುದು ನಿಧಾನದ ಕೆಲಸ, ಆದರೆ ಅದೇ ಸರಿಯಾದ ಕೆಲಸ.

ಆಮೇಲೆ ಎಲ್ಲರ ಕೈಯೂ ಹೋಗುವುದು ಸ್ಪ್ರೇ ಡಬ್ಬಿಗೆ. ಡಬ್ಲ್ಯೂಡಿ-40 ಎಂಬ ಹೆಸರಿನ ಅರ್ಥವೇ ನೀರನ್ನು ಸರಿಸುವ ನಲವತ್ತನೆಯ ಪ್ರಯತ್ನ ಎಂದು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅದನ್ನು ಮಾಡಿದ್ದು ಲೋಹಕ್ಕೆ ತುಕ್ಕು ಹಿಡಿಯದಂತೆ ತಡೆಯುವುದಕ್ಕೆ. ತುಕ್ಕು ಹಿಡಿದ ಪಿನ್ನನ್ನು ಬಿಡಿಸಲು ಅದು ಒಳ್ಳೆಯದು. ಆದರೆ ಭಾರ ಹೊರುವ ಕೀಲಿಗೆ ಅದು ಆಹಾರವಲ್ಲ. ಅದು ಒಳಗೆ ಉಳಿದಿದ್ದ ಅಲ್ಪಸ್ವಲ್ಪ ಗ್ರೀಸನ್ನೂ ತೊಳೆದು ಹಾಕಿ, ಎರಡು ದಿನ ಲಿವರನ್ನು ಹಗುರ ಮಾಡಿ, ಮೂರನೆಯ ದಿನಕ್ಕೆ ಮೊದಲಿಗಿಂತ ಒಣಗಿದ ಕೀಲನ್ನು ಬಿಟ್ಟು ಹೋಗುತ್ತದೆ. ನಮ್ಮ ಅಜ್ಜಂದಿರು ಬಂಡಿಯ ಅಚ್ಚಿಗೆ ನೀರಿನಂಥ ಎಣ್ಣೆ ಹಾಕಲಿಲ್ಲ, ಮಂದವಾದ ಕೀಲೆಣ್ಣೆಯನ್ನೇ ಹಾಕಿದರು. ಕೀಲಿಗೆ ಬೇಕಾದದ್ದು ಎರಡನೆಯ ದರ್ಜೆಯ ಮಂದತೆಯ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸು. ನಾಲಾ ಕೆಲಸಕ್ಕೂ ಕಡಲ ಬದಿಗೂ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸು ನೀರಿಗೆ ಹೆಚ್ಚು ಹೊತ್ತು ನಿಲ್ಲುತ್ತದೆ. ಗ್ರೀಸ್ ನಿಪ್ಪಲಿನಲ್ಲಿ ಗನ್ ಒತ್ತಿದಾಗ ಹಳೆಯ ಕಪ್ಪು ಗ್ರೀಸು ಇನ್ನೊಂದು ಕಡೆಯಿಂದ ಹೊರಬರಬೇಕು. ಹೊರಬಾರದಿದ್ದರೆ ಗ್ರೀಸು ಒಳಗೆ ಹೋಗಿಯೇ ಇಲ್ಲ. ನಿಪ್ಪಲ್ ತುಂಬಿತು ಎಂದು ತೃಪ್ತಿಪಟ್ಟು ಮುಂದಿನದಕ್ಕೆ ಹೋಗಬಾರದು, ಅದನ್ನು ಬಿಚ್ಚಿ ದಾರಿ ತೆರವು ಮಾಡಬೇಕು.

ಬುಷ್ಷಿನ ವಿಷಯದಲ್ಲಿ ನಾನೇ ಒಮ್ಮೆ ಬೆಪ್ಪಾಗಿದ್ದೇನೆ. ಹಳೆಯ ಬುಷ್ ಸವೆದಿದ್ದ ಯಂತ್ರವೊಂದಕ್ಕೆ ಲೇತ್ ಅಂಗಡಿಯಲ್ಲಿ ನೈಲಾನ್ ಬುಷ್ ಮಾಡಿಸಿ ಏಪ್ರಿಲ್ ತಿಂಗಳಲ್ಲಿ ಹಾಕಿದೆ. ಲಿವರ್ ಬೆಣ್ಣೆಯ ಹಾಗೆ ಓಡಿತು. ಜುಲೈಯಲ್ಲಿ ದೂರು ಬಂತು, ಲಿವರ್ ಬಿಗಿ ಎಂದು. ಬಿಚ್ಚಿ, ಒರೆಸಿ, ಗ್ರೀಸು ಹಾಕಿ ಕಳಿಸಿದೆ, ಮತ್ತೆ ಬಂತು. ದೀಪಾವಳಿ ಕಳೆದ ಮೇಲೆ ತಾನಾಗಿಯೇ ಸರಿಹೋಯಿತು. ಮರುವರ್ಷ ಮಳೆಗಾಲದಲ್ಲಿ ಅದೇ ದೂರು ಬಂದಾಗ ತಲೆಗೆ ಹೊಳೆಯಿತು: ನೈಲಾನ್ ನೀರಿನ ತೇವವನ್ನು ಹೀರಿ ಉಬ್ಬುತ್ತದೆ. ಬೇಸಿಗೆಯ ಅಳತೆಗೆ ಬಿಗಿಯಾಗಿ ಕೊರೆದ ತೂತು ಮಳೆಗಾಲದಲ್ಲಿ ಪಿನ್ನನ್ನು ಹಿಡಿಯುತ್ತಿತ್ತು. ಈಗ ನಾನು ಮಾಡಿಸುವುದು ಗನ್‌ಮೆಟಲ್ ಬುಷ್. ನೈಲಾನೇ ಬೇಕೆಂದರೆ ಸ್ವಲ್ಪ ಸಡಿಲ ಬಿಟ್ಟು ಕೊರೆಸುತ್ತೇನೆ. ಬುಷ್ ಬದಲಿಸುವಾಗ ಪಿನ್ನನ್ನೂ ಬೆರಳಾಡಿಸಿ ನೋಡಬೇಕು. ಒಂದು ಬದಿಯಲ್ಲಿ ಸವೆದು ಮೆಟ್ಟಿಲಾಗಿರುವ ಪಿನ್ನಿಗೆ ಹೊಸ ಬುಷ್ ಹಾಕಿದರೆ ಆ ಮೆಟ್ಟಿಲಿಗೇ ಲಿವರ್ ಸಿಕ್ಕಿ ನಿಲ್ಲುತ್ತದೆ.

ಸ್ಪ್ರಿಂಗಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪು ಚಿಕಿತ್ಸೆ ಹೆಚ್ಚು. ಲಿವರನ್ನು ಪೂರ್ತಿ ಮುಂದಕ್ಕೆ ತಳ್ಳಿದಾಗ ಸ್ಪ್ರಿಂಗ್ ಹೆಚ್ಚು ಅದುಮಿಕೊಂಡಿರುತ್ತದೆ, ಅದರ ಬಲವೂ ಹೆಚ್ಚು. ಮಧ್ಯಕ್ಕೆ ಹತ್ತಿರವಾದಂತೆ ಆ ಬಲ ಕಡಿಮೆಯಾಗುತ್ತಾ ಬರುತ್ತದೆ. ಕೀಲಿನ ಹಿಡಿತ ಮಾತ್ರ ದಾರಿಯುದ್ದಕ್ಕೂ ಒಂದೇ ಸಮ. ಆದ್ದರಿಂದ ಕೀಲು ಸ್ವಲ್ಪವೇ ಬಿಗಿಯಾಗಿದ್ದರೂ ಲಿವರ್ ಮುಕ್ಕಾಲು ದಾರಿ ಚೆನ್ನಾಗಿ ಮರಳಿ, ಮಧ್ಯಕ್ಕೆ ಒಂದು ಬೆರಳಿನಷ್ಟು ದೂರದಲ್ಲಿ ನಿಲ್ಲುತ್ತದೆ, ಯಂತ್ರ ಆಮೆಯ ಹಾಗೆ ತೆವಳುತ್ತದೆ. ಇದನ್ನು ಕಂಡ ಕೂಡಲೇ ಸ್ಪ್ರಿಂಗ್ ಸೋತಿದೆ ಎಂದು ತೀರ್ಮಾನಿಸಿ ಗಟ್ಟಿಯಾದ ಸ್ಪ್ರಿಂಗ್ ಹಾಕುವವರಿದ್ದಾರೆ. ಲಿವರ್ ಆಗ ಮರಳುತ್ತದೆ ನಿಜ, ಆದರೆ ದಿನವಿಡೀ ಎರಡು ಕೈಗಳಿಂದ ಆ ಸ್ಪ್ರಿಂಗಿನ ಜೊತೆ ಸೆಣಸುವ ಆಪರೇಟರನ ಮಣಿಕಟ್ಟು ಸಂಜೆಗೆ ಊದಿಕೊಳ್ಳುತ್ತದೆ. ಕೀಲಿನ ಹಿಡಿತವಂತೂ ಒಳಗೊಳಗೇ ಬೆಳೆಯುತ್ತಲೇ ಇರುತ್ತದೆ. ಕೀಲು ಹಗುರಾದ ಮೇಲೂ ಲಿವರ್ ಮರಳದಿದ್ದರೆ ಮಾತ್ರ ಸ್ಪ್ರಿಂಗನ್ನು ಬದಲಿಸಿ, ಅದೂ ಅದೇ ಯಂತ್ರದ ಅಳತೆಯದು. ಡ್ಯಾಂಪರ್ ಇದ್ದರೆ ಅದರ ಒಂದು ತುದಿಯನ್ನು ಬಿಚ್ಚಿ ಕೈಯಿಂದ ಎಳೆದು ನೋಡಿ. ಒಂದೇ ಸಮನಾಗಿ ಓಡಬೇಕು. ಬಾಗಿದ ದಂಡದ ಡ್ಯಾಂಪರ್ ಒಂದು ಜಾಗದಲ್ಲಿ ಕಚ್ಚುತ್ತದೆ.

ಹಿಂದಿನ ಅರ್ಧದಲ್ಲೇ ದೋಷವಿದೆ ಎಂದು ಖಚಿತವಾದರೆ, ಪಂಪನ್ನು ಬೈಯುವ ಮುನ್ನ ಅದರ ಹೊರಗಿನ ತೋಳಿನ ಸುತ್ತ ನೋಡಿ. ತುಕ್ಕಿನ ಕೆಂಪು ನೀರು ಸೋರಿದ ಗುರುತಿದ್ದರೆ ಅಲ್ಲಿನ ಬೇರಿಂಗು ಮತ್ತು ಸೀಲನ್ನು ಮಾತ್ರ ಬದಲಿಸಿ ಪಂಪನ್ನು ಉಳಿಸಿಕೊಳ್ಳುವ ಸಾಧ್ಯತೆ ಇದೆ. ಸರ್ವೋ ಇರುವ ಯಂತ್ರಗಳಲ್ಲಿ ಲಿವರ್ ತಿರುಗಿಸುವುದು ಒಂದು ಸಣ್ಣ ವಾಲ್ವನ್ನು ಮಾತ್ರ, ಓರೆತಟ್ಟೆಯನ್ನು ವಾಲಿಸುವುದು ಎಣ್ಣೆಯ ಒತ್ತಡ. ಆ ವಾಲ್ವಿನೊಳಗೆ ಜಾರುವ ಕಡ್ಡಿ, ಅಂದರೆ ಸ್ಪೂಲ್, ಮತ್ತು ಅದರ ಮನೆಯ ನಡುವಿನ ಸಂದಿ ಕೂದಲೆಳೆಗಿಂತ ಎಷ್ಟೋ ಕಿರಿದು. ಎಣ್ಣೆಯಲ್ಲಿನ ಕಣ್ಣಿಗೆ ಕಾಣದ ಧೂಳು ಅಲ್ಲಿ ತುಂಬಿಕೊಂಡರೆ ಲಿವರ್ ಹಗುರವಾಗಿಯೇ ಮರಳುತ್ತದೆ, ಯಂತ್ರ ಮಾತ್ರ ನಿಲ್ಲದೆ ಹೋಗುತ್ತದೆ. ಇದು ಇನ್ನೂ ಅಪಾಯದ ಸ್ಥಿತಿ, ಏಕೆಂದರೆ ಕೈ ಸುಳ್ಳು ಹೇಳುತ್ತಿದೆ. ಬೆಳಿಗ್ಗೆ ಚೆನ್ನಾಗಿದ್ದು ಎಣ್ಣೆ ಬಿಸಿಯಾದ ಮೇಲೆ ಹಿಡಿಯುವುದಾದರೆ ಎಣ್ಣೆ ಸುಟ್ಟು ಒಳಗೆ ವಾರ್ನಿಷ್, ಅಂದರೆ ಅಂಟಾದ ಪದರ, ಕಟ್ಟಿದೆಯೇ ಎಂದು ನೋಡಬೇಕು. ಫಿಲ್ಟರನ್ನು ಕೊಯ್ದು ಮಡಿಕೆಗಳನ್ನು ಬಿಡಿಸಿದರೆ ಹಿತ್ತಾಳೆಯ ಬಣ್ಣದ ಕಣಗಳೋ, ರಬ್ಬರಿನ ಚೂರುಗಳೋ, ಬರೀ ಮಣ್ಣೋ ಎಂಬುದು ತಿಳಿಯುತ್ತದೆ. ಹಿತ್ತಾಳೆ ಕಂಡರೆ ಅಲ್ಲಿಗೆ ನಮ್ಮ ಕೆಲಸ ಮುಗಿಯಿತು, ಅದು ಪಂಪ್ ರಿಪೇರಿಯವರ ಮೇಜಿಗೆ ಹೋಗಬೇಕು; ಸೈಟಿನ ಧೂಳಿನಲ್ಲಿ ಪಂಪ್ ಬಿಚ್ಚುವ ಸಾಹಸ ಬೇಡ.

ಇನ್ನೊಂದು ಜಾತಿಯ ವಾಹನವಿದೆ, ಇಲ್ಲಿ ಕಡಿಮೆ, ಆದರೂ ಹೇಳುತ್ತೇನೆ. ಕೆನಡಾದ ಒಂಟಾರಿಯೊದಲ್ಲಿ ತಯಾರಾಗುವ ಆರ್ಗೋದಂಥ ಆರು, ಎಂಟು ಗಾಲಿಯ, ನೀರಿನಲ್ಲೂ ತೇಲುವ ಬಂಡಿಗಳಲ್ಲಿ ಪಂಪುಗಳ ಜೋಡಿ ಇಲ್ಲ. ಎಂಜಿನ್ನಿನ ಬಲವನ್ನು ಎರಡೂ ಬದಿಗೆ ಹಂಚುವ ಒಂದು ಡಿಫರೆನ್ಷಿಯಲ್ ಇದೆ, ತಿರುಗಬೇಕಾದ ಬದಿಗೆ ಬ್ರೇಕು ಹಿಡಿದರೆ ಬಲವೆಲ್ಲ ಇನ್ನೊಂದು ಬದಿಗೆ ಹೋಗುತ್ತದೆ. ಎತ್ತಿನ ಬಂಡಿಗೆ ಇದು ಇನ್ನೂ ಹತ್ತಿರದ ನೆಂಟ. ಹೈಡ್ರಾಲಿಕ್ ಬ್ರೇಕ್ ಇರುವ ಮಾದರಿಗಳಲ್ಲಿ ಲಿವರ್ ಪೂರ್ತಿ ಮರಳದಿದ್ದರೆ ಮಾಸ್ಟರ್ ಸಿಲಿಂಡರಿನಲ್ಲಿ ಎಣ್ಣೆ ಟ್ಯಾಂಕಿಗೆ ವಾಪಸು ಹೋಗುವ ಸಣ್ಣ ತೂತು ಮುಚ್ಚಿಯೇ ಉಳಿಯುತ್ತದೆ. ಬ್ರೇಕು ಸ್ವಲ್ಪ ಹಿಡಿದೇ ಇರುತ್ತದೆ, ಬಿಸಿಯಾಗುತ್ತದೆ, ಬಿಸಿಗೆ ಎಣ್ಣೆ ಹಿಗ್ಗುತ್ತದೆ, ಹಿಗ್ಗಿದ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಬ್ರೇಕನ್ನು ಇನ್ನಷ್ಟು ಒತ್ತುತ್ತದೆ. ಆಪರೇಟರನಿಗೆ ಅನಿಸುವುದು ಬಂಡಿ ಒಂದೇ ಕಡೆ ಎಳೆಯುತ್ತಿದೆ ಎಂದು. ಆ ಬದಿಯ ಬ್ರೇಕ್ ಡಿಸ್ಕಿನ ಹತ್ತಿರ ಕೈ ಹಿಡಿದರೆ ಶಾಖವೇ ಉತ್ತರ ಹೇಳುತ್ತದೆ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು.

ಎಲ್ಲವನ್ನೂ ಕೂಡಿಸಿದ ಮೇಲೆ ನ್ಯೂಟ್ರಲ್ ಹೊಂದಿಸುವುದು ಉಳಿಯುತ್ತದೆ, ಅವಸರದಲ್ಲಿ ಬಿಟ್ಟುಹೋಗುವ ಕೆಲಸವೂ ಇದೇ. ಗಾಲಿಗಳು ಸ್ಟ್ಯಾಂಡಿನ ಮೇಲೆಯೇ ಇರಲಿ. ಎಂಜಿನ್ ಚಾಲೂ ಮಾಡಿ, ಎಣ್ಣೆ ಬಿಸಿಯಾಗುವವರೆಗೆ ಕಾಯಿರಿ. ತಣ್ಣಗಿರುವಾಗ ಹೊಂದಿಸಿದ ನ್ಯೂಟ್ರಲ್ ಬಿಸಿಯಾದಾಗ ತಪ್ಪುತ್ತದೆ. ಲಿವರನ್ನು ಮುಂದೆ ತಳ್ಳಿ ಬಿಡಿ, ಗಾಲಿ ನಿಲ್ಲಬೇಕು; ಹಿಂದೆ ಎಳೆದು ಬಿಡಿ, ಆಗಲೂ ನಿಲ್ಲಬೇಕು. ಒಂದು ಕಡೆಯಿಂದ ಬಿಟ್ಟಾಗ ನಿಂತು, ಇನ್ನೊಂದು ಕಡೆಯಿಂದ ಬಿಟ್ಟಾಗ ತೆವಳಿದರೆ ರಾಡಿನ ಉದ್ದವನ್ನು ತಿರುಗಿಸಬೇಡಿ. ಎಲ್ಲಿಯೋ ಹಿಡಿತ ಇನ್ನೂ ಉಳಿದಿದೆ ಎಂದು ಅದರ ಅರ್ಥ. ಎರಡೂ ಕಡೆಯಿಂದ ಬಿಟ್ಟಾಗಲೂ ಒಂದೇ ದಿಕ್ಕಿಗೆ ತೆವಳಿದರೆ ಮಾತ್ರ ರಾಡಿನ ನಟ್ಟು ಸಡಿಲಿಸಿ ಉದ್ದ ಹೊಂದಿಸಿ. ಈ ವ್ಯತ್ಯಾಸ ತಿಳಿಯದೆ ರಾಡನ್ನು ತಿರುಗಿಸುತ್ತಾ ಕುಳಿತವನಿಗೆ ಸಂಜೆಯವರೆಗೂ ನ್ಯೂಟ್ರಲ್ ಸಿಗುವುದಿಲ್ಲ. ಕೆಳಗಿಳಿಸಿದ ಮೇಲೆ ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ಓಡಿಸಿ, ಮತ್ತೊಮ್ಮೆ ಕೈ ಬಿಟ್ಟು ನೋಡಿ. ನೇರವಾಗಿ ಹೋಗದೆ ಒಂದು ಬದಿಗೆ ವಾಲಿದರೆ ಲಿವರಿಗೆ ಕೈ ಹಾಕುವ ಮುನ್ನ ಟಯರಿನ ಗಾಳಿ ನೋಡಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಗೋವೆಯ ವಾಸ್ಕೋದಿಂದ ಬಂದಿದ್ದ ಬಾಗಲಕೋಟೆಯ ಹಿರಿಯರೊಬ್ಬರು ಎದ್ದು ನಿಂತು, "ನಮ್ಮ ಗಾಡಿಗೆ ರಾಡ್ ಇಲ್ರೀ, ಕೇಬಲ್ ಅದ. ಉಪ್ಪಿನ ಗಾಳಿಗೆ ಹಿಡೀತು ಅಂತ ಹೊಸಾದು ಹಾಕಿಸಿದ್ವಿ, ಮೊದಲಿಗಿಂತ ಬಿಗಿ ಆಗೇದ" ಎಂದರು. ಕೇಬಲಿಗೂ ಕೊಂಡಿ ಬಿಡಿಸುವ ವಿಧಾನವೇ ಎಂದು ನಾನು ಹೇಳಿದೆ: ಎರಡೂ ತುದಿಗಳನ್ನು ಬಿಚ್ಚಿ ಒಳಗಿನ ತಂತಿಯನ್ನು ಕೈಯಿಂದ ಎಳೆದು ನೋಡಬೇಕು, ಒಳಗೆ ಪ್ಲಾಸ್ಟಿಕ್ ಪದರವಿರುವ ಕೇಬಲಿಗೆ ಎಣ್ಣೆ ಬಿಡಬಾರದು, ಅದು ಧೂಳನ್ನು ಹಿಡಿದು ಅರೆಯುವ ಹಿಟ್ಟಾಗುತ್ತದೆ, ಕೇಬಲ್ ಹೆಚ್ಚು ಬಾಗಿದಷ್ಟೂ ಬಿಗಿ ಏರುತ್ತದೆ. ಹೊಸ ಕೇಬಲಿನ ಫೋಟೋ ಇದೆಯೇ ಎಂದು ಕೇಳಿದಾಗ ಅವರು ಫೋನಿನಲ್ಲಿ ತೋರಿಸಿದರು. ಅಂಗಡಿಯವನು ಕೊಟ್ಟಿದ್ದು ಹಳೆಯದಕ್ಕಿಂತ ಎರಡು ಗೇಣು ಉದ್ದದ್ದು. ಹೆಚ್ಚಾದ ಉದ್ದವನ್ನು ಮೆಕ್ಯಾನಿಕ್ ಬಹಳ ಅಚ್ಚುಕಟ್ಟಾಗಿ ಸುತ್ತಿ, ಟೈ ಹಾಕಿ, ಸೀಟಿನ ಕೆಳಗೆ ಕಟ್ಟಿದ್ದ.